ದರಪಟ್ಟಿಯಲ್ಲಿಲ್ಲದ್ದು

ಏಳು ಹನ್ನೆರಡರ ಸ್ಲೋ ಲೋಕಲ್ಲು, ಲಗೇಜು ಡಬ್ಬಿ.
ಮೀನಿನ ಬುಟ್ಟಿಗಳ ನಡುವೆ ನನ್ನ ಪಂಪು.
ಬುಟ್ಟಿಯ ಹೆಂಗಸರು ಮೂಗಿಗೆ ಸೆರಗೊತ್ತಿ ನಗುತ್ತಾರೆ,
ಮೀನು ಮಾರುವವರು, ನನ್ನ ವಾಸನೆಗೆ!
"ಏನಪ್ಪಾ, ಇವತ್ತು ಯಾರ ತಿಥಿ?"

ಗುರಪ್ಪ ಹತ್ತೂರೆ, ಅಕ್ಕಲಕೋಟೆ ತಾಲೂಕು.
ಹತ್ತೊಂಬತ್ತು ವರ್ಷದಿಂದ, ಭಾಂಡುಪದಿಂದ ಠಾಣೆಯವರೆಗೆ,
ಅಡುಗೆಮನೆಗಳ ಕತ್ತಲೆ ನನಗೆ ಬಾಯಿಪಾಠ.
ಫ್ರಿಜ್ಜಿನ ಬೆನ್ನಿನ ಬಿಸಿಯಲ್ಲಿ ಯಾರ ಸಂಸಾರ,
ದೇವರ ಫೋಟೋ ಹಿಂದೆ ಯಾರ ಬಾಣಂತನ,
ಒಡತಿಗಿಂತ ಮೊದಲು ನಾನು ಬಲ್ಲೆ.

ಜಿರಳೆಗೆ ಎಂಟುನೂರು.
ತಿಗಣೆಗೆ ಎರಡು ಭೇಟಿ ಸೇರಿ ಎರಡೂವರೆ ಸಾವಿರ.
ಗೆದ್ದಲಿಗೆ ಚದರಡಿ ಲೆಕ್ಕ.
ಜಿರಳೆ ಹೊಡೆಸಿದವರಿಗೆ ಇರುವೆ ಫ್ರೀ.

ಇರುವೆ ಫ್ರೀ ಅಂತ ಬರೆಸಿದವನು ನಾನೇ.
ಬೀಸಿ ಎದ್ದ ಮೊದಲ ಚಿಟಿಕೆ ಜೋಳದ ಹಿಟ್ಟು
ಹೊಸ್ತಿಲಾಚೆ ಗೂಡಿನ ಬಾಯಿಗೆ ಉದುರಿಸಿ
"ಅವೂ ಮನಿಮಂದೀನs" ಅನ್ನುತ್ತಿದ್ದಳು ಅವ್ವ.
ಓದು ಬರದವಳು. ಪುಣ್ಯಕ್ಕೆ ನನ್ನ ದರಪಟ್ಟಿ ಓದಲಿಲ್ಲ.

ಸೊಳ್ಳೆಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.
ತಮ್ಮನ ಮಗಳು ಈರಮ್ಮ. ಡೆಂಗಿ. ಸಾಯನ್ ಆಸ್ಪತ್ರೆಯಲ್ಲಿ ಆರು ದಿನ.
ಆಮೇಲೆ ತಿಂಗಳುಗಟ್ಟಲೆ ಚಾಳಿನ ಪ್ರತಿ ಡ್ರಮ್ಮಿಗೂ
ಕೂಲಿ ಕೇಳದೆ ಔಷಧಿ ಸುರಿದೆ.
ಅದೇ ನೀರಿಗೆ ಬಾಲ ಅದ್ದಿ ಅದ್ದಿ ಏಳುತ್ತಿತ್ತು
ಒಂದು ಕೆಂಪು ಏರೋಪ್ಲೇನ್ ಚಿಟ್ಟೆ.
ಅದರ ಮರಿ ಸೊಳ್ಳೆಯ ಮರಿಯನ್ನೇ ತಿಂದು ಬೆಳೆಯುತ್ತದಂತೆ.
ಹೇಳಿದವಳು ಮುಲುಂಡಿನ ಕರ್ಣಿಕ್ ಬಾಯಿ,
ಮೂರು ವರ್ಷ ತಡವಾಗಿ.

ಆಕೆ ಫೋನು ಮಾಡಿ ಕರೆಸಿದ್ದು ಜುಲೈಯಲ್ಲಿ.
ಬಾಲ್ಕನಿ ತುಂಬ ಸೌತೆಬಳ್ಳಿ, ಬಳ್ಳಿ ತುಂಬ ಹಳದಿ ಹೂವು,
ಹೂವಿನ ಬೆನ್ನಿಗೆ ಉಗುರಿನಷ್ಟು ಕಾಯಿ,
ಮೂರನೇ ದಿನಕ್ಕೆ ಬಾಡಿ ಉದುರುವುದು.
ಕಿವಿ ತೆಗೆಯುವ ಹತ್ತಿಕಡ್ಡಿ ಹಿಡಿದು
ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಒತ್ತುತ್ತ
ಬೆಳಗಿನಿಂದ ನಿಂತೇ ಇದ್ದಳು,
ಎಪ್ಪತ್ತು ದಾಟಿದ ಮೊಣಕಾಲುಗಳ ಮೇಲೆ.

"ಹೋದ ವರ್ಷ ಕಿಟಕಿಯ ಸಂದಿಗೆ ಹೊಡೆದು ಹೋದೆಯಲ್ಲ,
ಕರೀ ಹುಳ, ಎಳ್ಳಿನಷ್ಟು.
ಅವನ್ನ ವಾಪಸು ತರೋದಕ್ಕೆ ಎಷ್ಟು ತಗೋತೀಯ?"

ಹಾಸ್ಯವಲ್ಲ. ಪರ್ಸು ಕೈಯಲ್ಲಿತ್ತು.
ದರಪಟ್ಟಿ ತೆಗೆದು ನೋಡಿದೆ, ಸುಮ್ಮನೆ,
ಆ ಕಡೆಯೂ ತಿರುಗಿಸಿ.

ಅವತ್ತಿನಿಂದ ಕಣ್ಣು ಕೆಟ್ಟುಹೋಯಿತು.
ಪ್ಲಾಟ್‌ಫಾರ್ಮಿನ ದೀಪಕ್ಕೆ ಮುತ್ತುವ ಮಳೆಹುಳ ಮೊದಲು ಬರೀ ಕಸ,
ಈಗ ಬಾಯಿತೆರೆದು ಕಾಯುವ ಹಲ್ಲಿಯೂ ಕಾಣುತ್ತದೆ.
ಸ್ವಿಚ್‌ಬೋರ್ಡಿನ ಮೇಲೆ ಮಣ್ಣಿನ ಗಡಿಗೆ ಕಟ್ಟುವ ಕುಂಬಾರ ಹುಳ
ಎಲ್ಲಿಂದ ತರುತ್ತದೆ ಈ ಊರಲ್ಲಿ ಅಷ್ಟು ಒಳ್ಳೆಯ ಮಣ್ಣು?
ಸೊಸೆಯ ಬಳೆಯಲ್ಲಿ ಅರಗು, ಸೀರೆಯಲ್ಲಿ ರೇಷ್ಮೆ.
ಇಡೀ ಮದುವೆಯೇ ಹುಳಗಳ ಸಾಲದಲ್ಲಿ ಆದಂತೆ.

ಮೊನ್ನೆ, ಹಳಿ ದಾಟಿದರೆ ಸಿಗುವ ಒಂದು ಸೊಸೈಟಿ.
ಗೋಡೆಯ ಬಿರುಕಿನಿಂದ ಪೆನ್ನಿನ ಮುಚ್ಚಳದಂತೆ ಹೊರಚಾಚಿದ ಮೇಣದ ನಳಿಗೆ,
ಅದರ ಬಾಯಲ್ಲಿ ಎಳ್ಳು ಕಾಳುಗಳ ಕಾವಲು.
ಕೆಳಗಿನ ಹೋಟೆಲಿನ ಶೇರಿಗಾರ ಹೇಳಿದ:
"ಮುಜಂಟಿ ಮಾರಾಯ್ರೇ, ಕಚ್ಚುವುದಿಲ್ಲ, ಪಾಪದ್ದು."
"ಹೊಡೀರಿ, ಸಿಮೆಂಟು ಮೆತ್ತಿ" ಅಂದ ಸೆಕ್ರೆಟರಿ.

ಪಂಪಿಗೆ ಬರೀ ನೀರು ತುಂಬಿ
ಎರಡು ಮಾರು ಆಚೆಯ ಗೋಡೆ ತೊಳೆದೆ.
ಜಾಬ್ ಕಾರ್ಡಿನಲ್ಲಿ ಬರೆದೆ: ಕೆಲಸ ಆಗಿದೆ.
ಎಂಟುನೂರೂ ತಗೊಂಡೆ,
ತಗೊಳ್ಳದಿದ್ದರೆ ಅನುಮಾನ ಬರುತ್ತಿತ್ತು.

ಸಂಜೆಯ ಡಬ್ಬಿಯಲ್ಲಿ ಕಾಲರಿನ ಹತ್ತಿರ ಏನೋ ಹರಿದಾಡಿತು.
ಒಂದೇ ಒಂದು. ಕುತ್ತಿಗೆಯ ಬೆವರು ಕುಡಿಯುತ್ತ ನನ್ನ ಜೊತೆ ಹೊರಟುಬಿಟ್ಟಿದೆ.
ಇಳಿಸಿ ವಾಪಸು ಬಿಡೋಣವೆಂದರೆ ಗಾಡಿ ಆಗಲೇ ನಾಹೂರು ಬಿಟ್ಟಿತ್ತು.
ಗಾಳಿ ತಾಗದಿರಲೆಂದು ಕೈ ಅಡ್ಡ ಹಿಡಿದು ನಿಂತೆ.
ಕಾಂಜೂರಿನಲ್ಲಿ ಜನ ನುಗ್ಗಿದರು.
ಆಮೇಲೆ ನೋಡಿದರೆ ಇರಲಿಲ್ಲ.