ತೋಳಿನ ಅಳತೆ

ಮತ್ರಾಹ್ ಸೂಕಿನ ಹಿಂದಿನ ಓಣಿಯಲ್ಲಿ
ಹತ್ತೊಂಬತ್ತು ವರ್ಷ ಊರವರ ಕತ್ತು, ಭುಜ, ತೋಳು ಅಳೆದೆ.
ನನ್ನ ತೋಳಿಗೆ ಯಾರೂ ಟೇಪು ಹಿಡಿದಿರಲಿಲ್ಲ,
ಆ ಸೋಮವಾರ ದವಾಖಾನೆಯ ನರ್ಸು
ಪಟ್ಟಿ ಸುತ್ತಿ ಗಾಳಿ ತುಂಬುವ ತನಕ.
ಬಿಗಿಯಿತು. ಮತ್ತೂ ಬಿಗಿಯಿತು.
ಒಳಗೆಲ್ಲೋ ನಮ್ಮಜ್ಜನ ಅರಳೆ ಹಿಂಜುವ ಬಿಲ್ಲು
ಠಿಂಯ್ ಠಿಂಯ್ ಅಂತ ಮಿಡಿಯಿತು.
ನೂರಾ ಎಪ್ಪತ್ತೆಂಟು, ಕೆಳಗೆ ನೂರಾ ನಾಲ್ಕು, ಅಂದಳು.
ಅಂಗುಲದಲ್ಲಿ ಬದುಕುವವ ನಾನು,
ಇಷ್ಟು ದೊಡ್ಡ ಅಂಗಿ ಯಾರಿಗಮ್ಮಾ, ಅಂದೆ.
ಅವಳು ನಗಲಿಲ್ಲ.

ಬಿಳಿ ಗುಳಿಗೆ, ದಿನಕ್ಕೊಂದು, ಬೆಳಿಗ್ಗೆ.
ಜ್ವರವಿಲ್ಲ, ಕೆಮ್ಮಿಲ್ಲ,
ಬಂದದ್ದೂ ತಿಳಿಯದ, ಹೋದದ್ದೂ ತಿಳಿಯದ ರೋಗ.
ಹದಿನೈದು ದಿನ ನುಂಗಿದೆ. ರಂಜಾನ್ ಬಂತು.
ಉಪವಾಸದಲ್ಲಿ ಬೆಳಗಿನ ಗುಳಿಗೆ ಹ್ಯಾಂಗ?
ಯಾರನ್ನೂ ಕೇಳಲಿಲ್ಲ. ಆರಾಮಾಗೇ ಇದ್ದೀನಲ್ಲ, ಅಂತ
ಉಳಿದ ಪಟ್ಟಿಯನ್ನು ಗುಂಡಿ ಡಬ್ಬಿಗೆ ಹಾಕಿಟ್ಟೆ.

ಹಬ್ಬಕ್ಕೆ ಇನ್ನೂರಾ ಹನ್ನೆರಡು ದಿಶ್‌ದಾಶಾ.
ರಾತ್ರಿಯೆಲ್ಲ ಮಿಷನ್ನು, ಸುಲೇಮಾನಿ ಚಹಾ,
ಕತ್ತಿನ ಗೊಂಡೆಗೆ ದಾರ ಹೊಸೆದು ಹೊಸೆದು
ಬೆನ್ನು ಬಿದಿರಾಯಿತು, ತಲೆ ಸಿಡಿಯಿತು.
ರೂಮಿನ ಮೋನಬ್ಬ ದೊಡ್ಡ ಮನಸ್ಸಿನವ:
ನಿಂಗೂ ಬಿಪಿ, ನಂಗೂ ಬಿಪಿ, ಇಕಾ ಮಾರಾಯ,
ಅಂತ ತನ್ನ ಹಳದಿ ಗುಳಿಗೆ ಒಡೆದು ಕೊಟ್ಟ.
ಅದನ್ನೂ ನುಂಗಿದೆ. ಬಿಟ್ಟ ದಿನಗಳ ಲೆಕ್ಕಕ್ಕೆ ನನ್ನವೆರಡು.
ಬೆನ್ನಿಗೆ ಅಂಗಡಿಯ ನೋವಿನ ಮಾತ್ರೆ ಮೇಲೊಂದು.
ಕತ್ತರಿ ತೆಗೆಯಲು ಎದ್ದೆ,
ನೆಲವೇ ಎದ್ದು ಬಂತು.

ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು.
ಬಿಡುವಾಗ ಔಷಧದ ಕಿಟಕಿಯಲ್ಲಿ
ಜೆಸಿಂತಾ ಅಂತ, ಶಂಕರಪುರದವರು.
ಅವರದು ಮಲ್ಲಿಗೆ ಕಟ್ಟಿದ ಹಾಗಿನ ಕನ್ನಡ, ನನ್ನದು ಗಜೇಂದ್ರಗಡದ್ದು;
ಬೈಗುಳ ಮಾತ್ರ ಸರಿಯಾಗಿ ತಿಳಿಯಿತು.
ಎಂತ ಮಾಡಿದ್ದು ನೀವು? ಬೇರೆಯವರ ಅಳತೆಗೆ
ಹೊಲಿದ ಅಂಗಿ ನೀವು ಹಾಕ್ತೀರಾ?
ಉಪವಾಸಕ್ಕೆ ಹೊತ್ತು ಬದಲಿಸುವುದು ಉಂಟು,
ಆದರೆ ತಿಂಗಳು ಶುರುವಾಗುವ ಮೊದಲು ಡಾಕ್ಟರನ್ನು ಕೇಳಿ.
ನೋವಿನ ಮಾತ್ರೆಯೂ ಹಾಗೆಯೇ, ಕೇಳದೆ ಬೇಡ.
ತಪ್ಪಿದರೆ ತಪ್ಪಿತು, ಮರುದಿನ ಒಂದೇ. ಎರಡು ಬೇಡ.

ಅದೊಂದು ಮಾತು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.
ತಪ್ಪಿದ ಹೊಲಿಗೆಗೆ ಅದೇ ತೂತಿನಲ್ಲಿ
ಎರಡೆರಡು ಸಲ ಸೂಜಿ ಚುಚ್ಚಿದರೆ
ಬಟ್ಟೆಯೇ ಹರಿಯುತ್ತೆ. ಮೊದಲ ವರ್ಷವೇ ಕಲಿತದ್ದು.

ಉಳಿದ ಚೂರಿನಲ್ಲಿ ಏಳು ಜೇಬಿನ ಪಟ್ಟಿ ಹೊಲಿದೆ,
ಜುಮ್ಮಾದ್ದಕ್ಕೆ ಹಸಿರು ದಾರ.
ಗುಳಿಗೆ ಕವಚದಿಂದ ಬಿಡಿಸುವುದಿಲ್ಲ,
ಕವಚದ ಸಮೇತ ಕತ್ತರಿಸುತ್ತೇನೆ,
ಹೆಸರು, ತಾರೀಖು ಇರುವ ತುದಿ ಕೊನೆಗೆ.
ಮಿಷನ್ನಿನ ಮೇಲೆ ಬಿಸಿಲು ಬೀಳದ ಮೊಳೆಗೆ ಅದು ತೂಗುತ್ತದೆ.
ಎದ್ದು ನಿಲ್ಲುವ ಮುಂಚೆ ಸ್ವಲ್ಪ ಕೂರುತ್ತೇನೆ,
ಅಷ್ಟರಲ್ಲಿ ಒಂದು ಗುಂಡಿ ಹಾಕಬಹುದು.
ರೇಷ್ಮಾಬಿ ಕಳಿಸಿದ ಉಪ್ಪಿನಕಾಯಿ
ಮೋನಬ್ಬನಿಗೂ ಕೊಡುವಂತಿಲ್ಲ, ನನಗೂ ಇಲ್ಲ.
ಮುಚ್ಚಳ ತೆಗೆದು ಮೂಸಿ ಇಡುತ್ತೇನೆ.
ಫೋನಿನಲ್ಲಿ, ಮುಗೀತೇನು, ಇನ್ನೊಂದು ಕಳಸ್ಲೇನು, ಅಂತಾಳೆ.
ಐತಿ ಇನ್ನೂ, ಅಂತೀನಿ.

ಮೊನ್ನೆ ಮೀನು ಮಾರುಕಟ್ಟೆಯ ಖಲ್ಫಾನ್ ಅಜ್ಜ
ಎದೆಗೆ ಒಳಜೇಬು ಇಡು, ಸಣ್ಣದು, ಅಂದ.
ಎಷ್ಟು ಸಣ್ಣದು?
ಜೇಬಿನಿಂದ ಗುಳಿಗೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.
ನಾನು ಮೊಳೆಯ ಕಡೆ ಕೈ ತೋರಿಸಿದೆ.
ಇಬ್ಬರೂ ಬಗ್ಗಿ ನೋಡಿದೆವು: ಅವನದು ಗುಲಾಬಿ,
ನನ್ನದು ಬಿಳಿ. ಅವನು ಬೆರಳಿಂದ
ನನ್ನದನ್ನು ನನ್ನ ಕಡೆಗೆ ತಳ್ಳಿದ.
ಆಮೇಲೆ ತೋಳು ಚಾಚಿದ, ಅಳತೆಗೆ.