ಅಗಿಯಬೇಕು, ನುಂಗಬಾರದು

ರಾತ್ರಿ ಎರಡು ಹತ್ತು. ನನ್ನ ಕಿವಿಯೊಳಗೆ
ಯಾರದೋ ಅಡುಗೆಮನೆ ತೆರೆದುಕೊಳ್ಳುತ್ತದೆ:
ಫ್ರಿಜ್ಜಿನ ಗುರುಗುರು, ನೆಲಕ್ಕೆ ತಾಗುವ ನಾಯಿಯುಗುರು,
ಆಮೇಲೆ ಡಲ್ಸಿ ಪೆನ್ನಿ ಎಂಬಾಕೆಯ ಉಸಿರು.

"ಏನಿಲ್ಲ, ಗ್ಯಾಸು," ಹಿಂದಿನಿಂದ ಗಂಡಸಿನ ದನಿ,
"ಉಪ್ಪುಮಾಂಸ ತಿಂದದ್ದು. ಫೋನಿಡು."
ಗ್ಯಾಸಿಗೆ ದವಡೆ ಹೀಗೆ ಸೆಳೆಯುವುದಿಲ್ಲ, ಹೆಡ್ಲಿ,
ಅಂಗಿ ಬೆನ್ನಿಗಂಟುವಷ್ಟು ಬೆವರು ಹರಿಯುವುದಿಲ್ಲ.
ನಾನದನ್ನು ಹೇಳಲಿಲ್ಲ.
ಪರದೆಯ ಮೇಲೆ ಮೂಡಿದ ಸಾಲು ಓದುವುದು ನನ್ನ ಕೆಲಸ:
ಆಸ್ಪಿರಿನ್ ಮೈಗೆ ಒಗ್ಗುತ್ತದೆಯೇ? ಹೊಟ್ಟೆಯಲ್ಲಿ ಹುಣ್ಣು?
ವಾಂತಿಯಲ್ಲಿ ರಕ್ತ? ಮಲ ಕಪ್ಪಗೆ?
ಒಂದೊಂದಕ್ಕೂ ಅವಳು ಆ ಕಡೆ ತಿರುಗಿ ಕೂಗುತ್ತಾಳೆ.
ಐವತ್ತು ವರ್ಷ ಜೊತೆಗೆ ಮಲಗಿದವನನ್ನು
ಇದನ್ನೆಲ್ಲ ಕೇಳುತ್ತಿರುವುದು ಇದೇ ಮೊದಲು,
ಅದೂ ನನ್ನೆದುರು.

ಆಂಬುಲೆನ್ಸು ಹೊರಟಿದೆ. ನಲವತ್ತು ನಿಮಿಷ.
ನ್ಯೂಫೌಂಡ್‌ಲ್ಯಾಂಡಿನ ಈ ತುದಿಯಲ್ಲಿ ಜೂನಿಗೂ ಮಂಜು;
ರಸ್ತೆ ನಡುವೆ ಮೂಸ್ ನಿಂತರೆ ಇನ್ನೂ ತಡ.
ಅದನ್ನೂ ಹೇಳಲಿಲ್ಲ.

ಮಾತ್ರೆ ಸಿಕ್ಕಿತು, ಹೊಲಿಗೆಯ ಡಬ್ಬಿಯಲ್ಲಿ, ಗುಂಡಿಗಳ ನಡುವೆ.
ಹೆಸರು, ಮಿಲಿಗ್ರಾಂ, ತಾರೀಖು, ಅಕ್ಷರ ಅಕ್ಷರ ಓದಿಸಿದೆ.
"ಅಗಿಯಲು ಹೇಳಿ. ನುಂಗಬಾರದು. ಅಗಿಯಬೇಕು."

ಮೌನ. ನಾಯಿ.
"ಹಲ್ಲು ಲೋಟದಲ್ಲಿದೆ, ಕಂದಾ. ಲೋಟ ಮಹಡಿ ಮೇಲೆ."

ಕಡಲೆ ಇದ್ದವನಿಗೆ ಹಲ್ಲಿಲ್ಲ,
ಈ ಕಡಲಂಚಿನಲ್ಲೂ.

"ಅವರನ್ನು ಬಿಟ್ಟು ಹೋಗಬೇಡಿ. ಎರಡು ಚಮಚ ತಗೊಳ್ಳಿ,
ನಡುವೆ ಇಟ್ಟು ಒತ್ತಿ."
ಕರಕ್ಕೆಂದಿತು. ಅಷ್ಟು ಸಣ್ಣ ಸದ್ದಿಗೆ
ನಾನು ಎಂದೂ ಹೀಗೆ ಕಿವಿಗೊಟ್ಟಿರಲಿಲ್ಲ.
"ಕೂಸುಗಳಿಗೆ ಹೀಗೇ ಕೊಡುತ್ತಿದ್ದೆ," ಎಂದಳು, ನನಗಲ್ಲ.
"ಥೂ!" ಎಂದ ಹೆಡ್ಲಿ. "ಏನಿದು, ಬ್ಯಾಟರಿ ನೆಕ್ಕಿದ ಹಾಗೆ."
ಬರೆದುಕೊಂಡೆ: ಎರಡು ಹತ್ತೊಂಬತ್ತು. ಕೊಟ್ಟಾಯಿತು.

ಆ ಪುಡಿ ಯಾವ ಬಾಗಿಲನ್ನೂ ತೆರೆಯುವುದಿಲ್ಲ, ನನಗೆ ಗೊತ್ತು.
ಮುಚ್ಚಿಕೊಳ್ಳುತ್ತಿರುವ ಬಾಗಿಲಿಗೆ
ಅಡ್ಡ ತುರುಕಿದ ಚಪ್ಪಲಿ, ಅಷ್ಟೇ.
ತೆರೆಯುವವರು ಬರುವ ತನಕ.

ಉಸಿರು ಎಣಿಸುತ್ತ ಕೂತೆವು, ಮೂವರೂ.
ನಡುವೆ ಅವನು ದೋಣಿಗೆ ಬಣ್ಣ ಬಳಿಯಬೇಕೆಂದ,
ಆಮೇಲೆ ಏನೂ ಅನ್ನಲಿಲ್ಲ,
ಆಮೇಲೆ ಹಸಿರೋ ಕೆಂಪೋ ಎಂದು ಅವಳನ್ನು ಕೇಳಿದ.

ನಾಯಿ ಬೊಗಳಿತು. ಬೂಟುಗಳು, ಚಕ್ರಗಳು, ಹೊಸ ದನಿಗಳು.
ಇಲ್ಲಿಗೆ ನನ್ನ ಪಾಲು ಮುಗಿಯುತ್ತದೆ; ಮುಂದಿನದು
ನಮಗೆ ಯಾರೂ ಹೇಳುವುದಿಲ್ಲ.
ಫೋನಿಡುವ ಮೊದಲು ಮೆಟ್ಟಿಲು ಹತ್ತಿಳಿದ ಸದ್ದು,
ಏದುಸಿರಲ್ಲಿ ಡಲ್ಸಿ:
"ಹಲ್ಲೂ ಕಳಿಸಲೇ?"

ಪರದೆಯಲ್ಲಿ ಅದಕ್ಕೆ ಸಾಲಿರಲಿಲ್ಲ.
"ಕಳಿಸಿ," ಎಂದೆ. "ಬೆಳಿಗ್ಗೆ ತಿಂಡಿಗೆ ಬೇಕಾಗುತ್ತೆ."
ಲೋಟದ ನೀರು ತುಳುಕಿದ್ದು ಕೇಳಿಸಿತು.