ಎಪ್ಪತ್ತರ ಜನವರಿ ಒಂದು

ನಾಪೋಕ್ಲು ಪೇಟೆ. ಉಮ್ಮರನ ಮೊಬೈಲ್ ಅಂಗಡಿ,
ಅರ್ಧ ಇಳಿದ ಷಟರ್.
ಮೇಜಿನ ಮೇಲೆ ಕಪ್ಪು ಪೆಟ್ಟಿಗೆ, ಬೆನ್ನು ಬಿಚ್ಚಿಕೊಂಡು.
ಇದಕ್ಕಿನ್ನು ಅಪ್‌ಡೇಟ್ ಇಲ್ಲವೆಂದು
ಕಂಪನಿ ಕೈತೊಳೆದು ಮೂರು ವರ್ಷ.
ಒಳಗೆ ನಾನು ಹದಿನಾಲ್ಕು ಬೇಸಿಗೆ ಹಿಡಿದ ಹಾಕಿ:
ಒಂದೊಂದು ಒಕ್ಕದ ತಂಡ, ಪೆನಾಲ್ಟಿ ಕಾರ್ನರ್,
ಅಂಪೈರಿಗೆ ಬೈದ ಯಾರದೋ ತಾಯಿಯ ದನಿ.

ಡಿಸ್ಕು ಎರಡನ್ನೂ ಟವೆಲಿನಲ್ಲಿ ಸುತ್ತಿ
ಮಡಿಲಿಗಿಟ್ಟ: "ದೇಚಕ್ಕ, ಇದು ನಿಮ್ಮ ಜವಾಬ್ದಾರಿ."

ನಾಲ್ಕು ಪಿನ್ನು, ಮೂರೇ ತಂತಿ.
ನಾಲ್ಕನೆಯದು ಮುಟ್ಟಿದರೆ ಸುಟ್ಟೀತು.
ವೇಗ ತಪ್ಪಿ ಪರದೆ ತುಂಬ ಕಸದಕ್ಷರ;
ಸರಿಪಡಿಸಿದ. ಸಾಲುಸಾಲು ಮಾತಾಡಿತು
ಇಷ್ಟು ವರ್ಷ ನೀಲಿ ದೀಪ ಬಿಟ್ಟರೆ ಬಾಯಿಬಿಡದ್ದು.

ಹಳೆಯದನ್ನು ಅಳಿಸಲೇ?
ಹೂಂ ಅನ್ನುವಷ್ಟರಲ್ಲಿ ಕರೆಂಟು ಕಣ್ಣು ಹೊಡೆಯಿತು.
ಯುಪಿಎಸ್ ಕಿರುಚಿತು.

ಹೊಸದು ಎದ್ದು ತಾರೀಕು ಹೇಳಿತು:
ಎಪ್ಪತ್ತನೇ ಇಸವಿ, ಜನವರಿ ಒಂದು.
ಅದರ ಲೆಕ್ಕದಲ್ಲಿ ಉಮ್ಮರ್ ಹುಟ್ಟಿಲ್ಲ, ನಾನೂ.
ಯಾರೂ ಇನ್ನೂ ಯಾವ ಗೋಲನ್ನೂ ತಪ್ಪಿಸಿಕೊಂಡಿಲ್ಲ.
"ನೆಟ್ ಕೊಟ್ಟರೆ ಸರಿಹೋಗ್ತದೆ" ಎಂದ.
ಒಂದು ನಿಮಿಷ ತಡಿ ಅಂದೆ.

ಈಗ ಎಲ್ಲ ಇದೆ. ಫ್ಯಾನು ಮಾತ್ರ
ಹೊಸ ಯಜಮಾನನ ಗುರುತು ಸಿಗದೆ
ರಾತ್ರಿಯಿಡೀ ಒಂದೇ ಸಮ ಕೂಗುತ್ತದೆ.